ಹನ್ನೆರಡನೇ ವಯಸ್ಸಿಗೆ ಮುಂಚಿನ ಆಟಕ್ಕೆ ಲೆಕ್ಕವಿಲ್ಲ: ಮೊಹಮ್ಮದ್ ಕುದುಸ್ ಸಾಗಿದ ದಾರಿ

2022ರ ನವೆಂಬರ್ 28, ಸೋಮವಾರ. ನಮ್ಮ ಗಡಿಯಾರದಲ್ಲಿ ಸಂಜೆ ಆರೂವರೆಗೆ ಶುರುವಾದ ವಿಶ್ವಕಪ್ ಫುಟ್‌ಬಾಲ್ ಪಂದ್ಯ. ಕತಾರಿನ ಎಜುಕೇಷನ್ ಸಿಟಿ ಕ್ರೀಡಾಂಗಣದಲ್ಲಿ ಎರಡು ಗೋಲುಗಳಿಂದ ಮುಂದಿದ್ದ ಘಾನಾವನ್ನು ದಕ್ಷಿಣ ಕೊರಿಯಾದ ಚೋ ಗ್ಯೂ ಸುಂಗ್ ಮೂರೇ ನಿಮಿಷಗಳಲ್ಲಿ ಎರಡು ಬಾರಿ ತಲೆಯಿಂದ ಹೊಡೆದು ಸಮಕ್ಕೆ ಎಳೆದು ತಂದಿದ್ದರು. ಆಟದ ಗಾಳಿ ಪೂರ್ತಿ ಕೊರಿಯಾದ ಕಡೆಗೆ ತಿರುಗಿತ್ತು. 68ನೇ ನಿಮಿಷದಲ್ಲಿ ಎಡಬದಿಯಿಂದ ಗಿಡಿಯನ್ ಮೆನ್ಸಾ ಚೆಂಡನ್ನು ನೆಲ ಸವರುವಂತೆ ಒಳಕ್ಕೆ ಹಾಯಿಸಿದರು. ಇನ್ಯಾಕಿ ವಿಲಿಯಮ್ಸ್ ಕಾಲು ಬೀಸಿದರು, ಚೆಂಡು ತಾಗಲಿಲ್ಲ. ಅವರ ಬೆನ್ನ ಹಿಂದೆ ಒಬ್ಬ ಆಟಗಾರ ಗಡಿಬಿಡಿಯಿಲ್ಲದೆ ನಿಂತಿದ್ದರು. ಚೆಂಡು ತನ್ನ ಬಳಿಗೇ ಬರುತ್ತದೆ ಎಂದು ಮೊದಲೇ ಗೊತ್ತಿದ್ದವರ ಹಾಗೆ. ಎಡಗಾಲಿನಿಂದ ಗೋಲಿನೊಳಕ್ಕೆ ಕಳುಹಿಸಿದರು. ಘಾನಾ 3, ಕೊರಿಯಾ 2. ಪಂದ್ಯ ಮುಗಿದಿದ್ದೂ ಹಾಗೆಯೇ.

ಅವರೇ ಮೊಹಮ್ಮದ್ ಕುದುಸ್. ಆಗ ವಯಸ್ಸು 22. ಆ ಪಂದ್ಯದ ಎರಡನೇ ಗೋಲು ಕೂಡ ಅವರದ್ದೇ. ಟಿವಿಯ ಮುಂದೆ ಕುಳಿತಿದ್ದ ನನಗೆ ಆ ಒಂದು ಕ್ಷಣದ ನಿಲುವು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅಷ್ಟು ಒತ್ತಡದಲ್ಲೂ ಓಡದೆ ಕಾಯುವುದನ್ನು ಈ ಹುಡುಗನಿಗೆ ಯಾರು ಕಲಿಸಿದರು ಎಂಬ ಪ್ರಶ್ನೆ ಅಂದೇ ಹುಟ್ಟಿತು. ಅದರ ಬೆನ್ನು ಹತ್ತಿ ಹೋದರೆ ಸಿಗುವುದು ಬರೀ ಒಬ್ಬ ಆಟಗಾರನ ಕಥೆಯಲ್ಲ. ಪಶ್ಚಿಮ ಆಫ್ರಿಕಾದ ಹುಡುಗನೊಬ್ಬ ಯುರೋಪಿಗೆ ತಲುಪುವ ದಾರಿಯನ್ನು ಯಾರು ಹಾಕಿದ್ದಾರೆ, ಆ ದಾರಿಯ ಸುಂಕ ಯಾರ ಕೈ ಸೇರುತ್ತದೆ ಎಂಬ ಲೆಕ್ಕವೂ ಅದರೊಳಗಿದೆ.

ಕುದುಸ್ ಹುಟ್ಟಿದ್ದು 2000ದ ಆಗಸ್ಟ್ 2ರಂದು, ಘಾನಾದ ರಾಜಧಾನಿ ಅಕ್ರಾದಲ್ಲಿ. ಬೆಳೆದದ್ದು ನಿಮಾ ಎಂಬ ಬಡಾವಣೆಯಲ್ಲಿ. ಅಲ್ಲಿಯವರು ಇಂಥ ಬಡಾವಣೆಯನ್ನು ಜೊಂಗೊ ಎನ್ನುತ್ತಾರೆ. ಉತ್ತರದ ಕಡೆಯಿಂದ ವ್ಯಾಪಾರಕ್ಕೆ, ಕೂಲಿಗೆ ಬಂದ ಮುಸ್ಲಿಂ ಕುಟುಂಬಗಳು ತಲೆಮಾರುಗಳಿಂದ ನೆಲೆಸಿರುವ, ಹೌಸಾ ಭಾಷೆ ಬೀದಿಯ ಮಾತಾಗಿರುವ ಕೇರಿಗಳಿಗೆ ಆ ಹೆಸರು. ಮನೆಗೆ ಮನೆ ಒತ್ತಿಕೊಂಡಿರುವ ಅಲ್ಲಿ ಹುಡುಗರ ಆಟಕ್ಕೆ ಬೀದಿಯೇ ಮೈದಾನ. ಅಕ್ರಾದ ಹುಡುಗರು ಈ ಆಟವನ್ನು ‘ಗಟರ್ ಟು ಗಟರ್’ ಎಂದು ಕರೆಯುತ್ತಾರೆ. ಈ ಬದಿಯ ಚರಂಡಿಯಿಂದ ಆ ಬದಿಯ ಚರಂಡಿಯವರೆಗೆ ಎಷ್ಟು ಅಗಲವಿದೆಯೋ ಅಷ್ಟೇ ಮೈದಾನ. ಅಷ್ಟು ಇಕ್ಕಟ್ಟಿನಲ್ಲಿ ಚೆಂಡನ್ನು ಕಾಲಿಗೆ ಅಂಟಿಸಿಕೊಳ್ಳದಿದ್ದರೆ ಅದು ಚರಂಡಿ ಸೇರುತ್ತದೆ, ಇಲ್ಲವೇ ಎದುರಾಳಿಯ ಪಾಲಾಗುತ್ತದೆ. ಎರಡು ಮೂರು ಮಂದಿ ಸುತ್ತುವರಿದಾಗ ಕುದುಸ್ ಸೊಂಟ ತಗ್ಗಿಸಿ, ಬೆನ್ನು ಕೊಟ್ಟು, ಎಡಗಾಲಿನ ಅಂಚಿನಿಂದ ಚೆಂಡನ್ನು ತನ್ನತ್ತ ಎಳೆದುಕೊಂಡು ಹೊರಬರುವುದನ್ನು ನೋಡಿದವರಿಗೆ ಈ ಬೀದಿಯ ಗುರುತು ಸಿಗುತ್ತದೆ.

ಘಾನಾದಲ್ಲಿ ಇಂಥ ಹುಡುಗರನ್ನು ಒಟ್ಟುಗೂಡಿಸಿ ಆಡಿಸುವವರನ್ನು ‘ಕೋಲ್ಟ್ಸ್’ ಕ್ಲಬ್‌ಗಳು ಎನ್ನುತ್ತಾರೆ. ಕ್ಲಬ್ ಎಂದರೆ ದೊಡ್ಡ ಕಟ್ಟಡ, ಕಚೇರಿ ಎಂದೇನೂ ಅಲ್ಲ. ಸಂಜೆ ಹೊತ್ತು ಒಂದು ಚೀಲದಲ್ಲಿ ಚೆಂಡು ಹೊತ್ತು ಬರುವ ಒಬ್ಬ ತರಬೇತುದಾರ, ಅಳತೆಗೆ ಹೊಂದದ ಜೆರ್ಸಿಗಳು, ಹುಡುಗರ ಹೆಸರು ಬರೆದುಕೊಳ್ಳುವ ಒಂದು ನೋಟ್‌ಬುಕ್. ಕುದುಸ್ ಮೊದಲು ಆಡಿದ್ದು ಸ್ಟ್ರಾಂಗ್ ಟವರ್ ಎಂಬ ಇಂಥದ್ದೇ ಒಂದು ತಂಡಕ್ಕೆ. ಹನ್ನೆರಡರ ಆಸುಪಾಸಿನಲ್ಲಿ ‘ರೈಟ್ ಟು ಡ್ರೀಮ್’ ಅಕಾಡೆಮಿಯವರ ಕಣ್ಣಿಗೆ ಬಿದ್ದರು. ಬದುಕಿನ ದಿಕ್ಕು ಅಲ್ಲಿಗೆ ಬದಲಾಯಿತು.

ಈ ಅಕಾಡೆಮಿಯ ಬಗ್ಗೆ ಸ್ವಲ್ಪ ನಿಂತು ನೋಡಬೇಕು. ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್‌ಗಾಗಿ ಆಫ್ರಿಕಾದಲ್ಲಿ ಪ್ರತಿಭೆ ಹುಡುಕುತ್ತಿದ್ದ ಟಾಮ್ ವೆರ್ನನ್ ಎಂಬ ಇಂಗ್ಲಿಷ್ ತರುಣ 1999ರಲ್ಲಿ ಇದನ್ನು ಆರಂಭಿಸಿದರು. ಈಗ ಅದು ವೋಲ್ಟಾ ನದಿಯ ದಂಡೆಯ ಓಲ್ಡ್ ಅಕ್ರಾಡೆ ಎಂಬಲ್ಲಿದೆ. ಊಟ, ವಸತಿ, ಶಾಲೆ, ಆಟ ಎಲ್ಲವೂ ಅಲ್ಲೇ. ಹುಡುಗಿಯರಿಗೂ ಜಾಗವಿದೆ. ಆಟದಲ್ಲಿ ಮೇಲೆ ಬರದವರು ಓದಿನ ಬಲದಿಂದ ಅಮೆರಿಕದ ಶಾಲೆ ಕಾಲೇಜುಗಳಿಗೆ ವಿದ್ಯಾರ್ಥಿವೇತನ ಪಡೆದು ಹೋಗಿರುವುದೂ ಉಂಟು. 2015ರ ಕೊನೆಗೆ ಅಕಾಡೆಮಿಯವರು ಡೆನ್ಮಾರ್ಕಿನ ಎಫ್‌ಸಿ ನಾರ್ಶೆಲೆಂಡ್ ಕ್ಲಬ್ಬನ್ನೇ ಕೊಂಡುಕೊಂಡರು. 2021ರಲ್ಲಿ ಈಜಿಪ್ಟಿನ ಮನ್ಸೂರ್ ಉದ್ಯಮ ಸಮೂಹ ಬಹುಪಾಲು ಒಡೆತನ ಪಡೆಯಿತು. ಅಮೆರಿಕದ ಲೀಗಿನಲ್ಲಿ 2025ರಿಂದ ಆಡುತ್ತಿರುವ ಸ್ಯಾನ್ ಡಿಯೇಗೊ ಎಫ್‌ಸಿ ಕೂಡ ಇದೇ ಬಳಗದ್ದು. ವೋಲ್ಟಾ ದಂಡೆಯಲ್ಲಿ ಹೊರಟ ಕಾಲುದಾರಿ ಹೀಗೆ ಮೂರು ಖಂಡಗಳ ಹೆದ್ದಾರಿಯಾಗಿದೆ. ಹೆದ್ದಾರಿಗೆ ಒಡೆಯರೂ ಇದ್ದಾರೆ.

ಡೆನ್ಮಾರ್ಕ್ ಏಕೆ ಎಂಬುದಕ್ಕೆ ಉತ್ತರ ಕಾನೂನಿನಲ್ಲಿದೆ. ಹದಿನೆಂಟು ತುಂಬದ ಆಟಗಾರನನ್ನು ದೇಶದಿಂದ ದೇಶಕ್ಕೆ ವರ್ಗಾಯಿಸುವುದನ್ನು ಫಿಫಾ ನಿಯಮಾವಳಿಯ 19ನೇ ವಿಧಿ ತಡೆಯುತ್ತದೆ. ಕೆಲವು ವಿನಾಯಿತಿಗಳಿವೆಯಾದರೂ ಘಾನಾದ ಹುಡುಗನಿಗೆ ಅವು ಸುಲಭಕ್ಕೆ ಒದಗುವಂಥವಲ್ಲ. ಹದಿನೆಂಟಾದ ಮೇಲೂ ಬಾಗಿಲು ತಾನಾಗಿ ತೆರೆಯುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ ಐರೋಪ್ಯ ಒಕ್ಕೂಟದ ಹೊರಗಿನ ಆಟಗಾರನಿಗೆ ಲೀಗಿನ ಸರಾಸರಿ ಸಂಬಳದ ಒಂದೂವರೆ ಪಟ್ಟು ಕೊಡಲೇಬೇಕು, 18–19ರ ಹುಡುಗರಿಗೆ ಅದರ ಅರ್ಧ. ಹೆಸರು ಮಾಡದ ಹುಡುಗನ ಮೇಲೆ ಅಷ್ಟು ಹಣ ಸುರಿಯಲು ಯಾವ ಕ್ಲಬ್ಬೂ ಹಿಂದೆ ಮುಂದೆ ನೋಡುತ್ತದೆ. ಇಂಗ್ಲೆಂಡಂತೂ ಬ್ರೆಕ್ಸಿಟ್ ನಂತರ ಅಂಕಗಳ ಪದ್ಧತಿ ತಂದಿದೆ. ರಾಷ್ಟ್ರೀಯ ತಂಡದಲ್ಲಿ ಎಷ್ಟು ಆಡಿದ್ದೀರಿ, ಯಾವ ಮಟ್ಟದ ಲೀಗಿನಲ್ಲಿ ಎಷ್ಟು ನಿಮಿಷ ಮೈದಾನದಲ್ಲಿದ್ದಿರಿ ಎಂದು ಲೆಕ್ಕ ಹಾಕಿ ಪರವಾನಗಿ ಕೊಡುತ್ತದೆ. ಹಾಗಾಗಿ ಅಕ್ರಾದಿಂದ ಲಂಡನ್‌ಗೆ ನೇರ ದಾರಿ ಬಹುಮಟ್ಟಿಗೆ ಮುಚ್ಚಿದೆ. ನಡುವೆ ಡೆನ್ಮಾರ್ಕ್, ಆಸ್ಟ್ರಿಯ, ಬೆಲ್ಜಿಯಂಗಳಂಥ ಮೆಟ್ಟಿಲು ಬೇಕು. ಆ ಮೆಟ್ಟಿಲನ್ನೇ ಕೊಂಡುಕೊಂಡವರು ಗೆದ್ದರು. ಮಾಲಿಯ ಹುಡುಗರಿಗೆ ಆಸ್ಟ್ರಿಯದ ರೆಡ್‌ಬುಲ್ ಸಾಲ್ಸ್‌ಬರ್ಗ್ ಕ್ಲಬ್ ಯಾವ ಮೆಟ್ಟಿಲೋ ಕುದುಸ್ ಪೀಳಿಗೆಗೆ ನಾರ್ಶೆಲೆಂಡ್ ಅದೇ ಮೆಟ್ಟಿಲು.

2018ರ ಜನವರಿಯಲ್ಲಿ ಕುದುಸ್ ಡೆನ್ಮಾರ್ಕಿಗೆ ಹೋದರು. ಅದೇ ವರ್ಷ ಜೂನ್‌ನಲ್ಲಿ ತನಿಖಾ ಪತ್ರಕರ್ತ ಅನಸ್ ಅರೆಮೆಯಾವ್ ಅನಸ್ ಅವರ ತಂಡ ರಹಸ್ಯ ಕ್ಯಾಮೆರಾದಲ್ಲಿ ಸೆರೆಹಿಡಿದ ಲಂಚದ ದೃಶ್ಯಗಳು ಹೊರಬಿದ್ದವು. ಘಾನಾ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಕ್ವೆಸಿ ನ್ಯಾಂಟಾಕ್ಯಿ ರಾಜೀನಾಮೆ ಕೊಟ್ಟರು. ದೇಶದ ಲೀಗ್ ಅರ್ಧಕ್ಕೆ ನಿಂತುಹೋಯಿತು. ಘಾನಾದ ಮೈದಾನಗಳು ಖಾಲಿ ಬಿದ್ದಿದ್ದ ಆ ಆಗಸ್ಟ್ 5ರಂದು, ಹದಿನೆಂಟು ತುಂಬಿದ ಮೂರನೇ ದಿನಕ್ಕೆ, ಕುದುಸ್ ಬ್ರೆಂಡ್ಬಿ ವಿರುದ್ಧ ಡೆನ್ಮಾರ್ಕಿನ ಲೀಗಿನಲ್ಲಿ ಮೊದಲ ಪಂದ್ಯ ಆಡಿದರು. ತಾಯ್ನಾಡಿನ ಲೀಗಿನಲ್ಲಿ ಅವರು ಒಂದು ಪಂದ್ಯವನ್ನೂ ಆಡಿದವರಲ್ಲ. 2022ರ ವಿಶ್ವಕಪ್‌ಗೆ ಹೋದ ಘಾನಾದ 26 ಮಂದಿಯಲ್ಲಿ ಸ್ವದೇಶದ ಕ್ಲಬ್‌ಗಳಿಂದ ಆಯ್ಕೆಯಾದವರು ಇಬ್ಬರೇ. ಊರಿನ ಲೀಗು ಸೊರಗಿದಷ್ಟೂ ಹುಡುಗರು ಬೇಗ ಹೊರಡುತ್ತಾರೆ, ಹುಡುಗರು ಹೊರಟಷ್ಟೂ ಲೀಗು ಇನ್ನಷ್ಟು ಸೊರಗುತ್ತದೆ. ಒಂದನ್ನೊಂದು ತಿನ್ನುವ ಈ ಸುಳಿಗೆ ಕುದುಸ್ ಕಾರಣರಲ್ಲ. ಆದರೆ ಅವರ ಬದುಕು ಅದಕ್ಕೆ ಒಳ್ಳೆಯ ಸಾಕ್ಷಿ.

ಅಕಾಡೆಮಿಗಳನ್ನು ಬರೀ ದೂರುವುದೂ ನ್ಯಾಯವಲ್ಲ. ಅವು ಇಲ್ಲದ ಕಾಲ ಹೇಗಿತ್ತೆಂದು ತಿಳಿಯಲು ಘಾನಾದ ಆಟಗಾರ ನೀ ಲ್ಯಾಂಪ್ಟಿ ಅವರ ಬದುಕನ್ನು ನೋಡಬೇಕು. ಪೆಲೆ ಬಾಯಲ್ಲಿ ತನ್ನ ಉತ್ತರಾಧಿಕಾರಿ ಎನಿಸಿಕೊಂಡ ಹುಡುಗ. 1990ರಲ್ಲಿ ಹದಿನಾರರ ಹರೆಯದಲ್ಲಿ ಬೆಲ್ಜಿಯಂನ ಆಂಡರ್ಲೆಕ್ಟ್ ಪರ ಆಡಿದರು. 1991ರ 17 ವರ್ಷದೊಳಗಿನವರ ವಿಶ್ವಕಪ್ ಅನ್ನು ಘಾನಾ ಗೆದ್ದಾಗ ಟೂರ್ನಿಯ ಶ್ರೇಷ್ಠ ಆಟಗಾರ ಅವರೇ. ಆದರೆ ಓದು ಬರಹ ಬಾರದ ಆ ಹುಡುಗ ತನ್ನ ಮುಂದಿಟ್ಟ ಕರಾರುಗಳಿಗೆ ಏನೆಂದು ತಿಳಿಯದೆ ಸಹಿ ಹಾಕುತ್ತಿದ್ದರು. ಹಣದ ಪಾಲು ಏಜೆಂಟರ ಜೇಬು ಸೇರಿತು. ಇಂಗ್ಲೆಂಡ್, ಇಟಲಿ, ಅರ್ಜೆಂಟೀನಾ, ಟರ್ಕಿ, ಪೋರ್ಚುಗಲ್, ಜರ್ಮನಿ, ಚೀನಾ ಎಂದು ಊರೂರು ಅಲೆದು ಪ್ರತಿಭೆ ಬಾಡಿಹೋಯಿತು. ಆಟ ಬಿಟ್ಟ ಮೇಲೆ ಅವರು ಅಕ್ರಾದಲ್ಲಿ ಕಟ್ಟಿದ್ದು ಒಂದು ಶಾಲೆಯನ್ನು. ಓದು ಕೊಟ್ಟು, ವಯಸ್ಸು ತುಂಬುವವರೆಗೆ ಕಾದು, ಕಾಗದಪತ್ರ ಸರಿಮಾಡಿ ಕಳುಹಿಸುವ ಇಂದಿನ ಅಕಾಡೆಮಿ ಆ ಕಾಲದ ದಲ್ಲಾಳಿಗಳಿಗಿಂತ ಎಷ್ಟೋ ಪಾಲು ಮೇಲು. ಇದನ್ನು ಮನಸಾರೆ ಒಪ್ಪಿಕೊಂಡೇ ಮುಂದಿನ ಮಾತು ಹೇಳುತ್ತಿದ್ದೇನೆ.

2020ರ ಬೇಸಿಗೆಯಲ್ಲಿ ನೆದರ್ಲೆಂಡ್ಸ್‌ನ ಆಯಕ್ಸ್ ಕ್ಲಬ್ 90 ಲಕ್ಷ ಯೂರೊ ಕೊಟ್ಟು ಕುದುಸ್ ಅವರನ್ನು ಆಮ್‌ಸ್ಟರ್‌ಡಾಂಗೆ ಕರೆದುಕೊಂಡಿತು. ಅಕ್ಟೋಬರ್ 21ರಂದು ಲಿವರ್‌ಪೂಲ್ ವಿರುದ್ಧ ಚಾಂಪಿಯನ್ಸ್ ಲೀಗಿನ ಮೊದಲ ಪಂದ್ಯ. ಹತ್ತು ನಿಮಿಷ ತುಂಬುವುದರೊಳಗೆ ಮಂಡಿಗೆ ಪೆಟ್ಟು ಬಿದ್ದು ಕುಂಟುತ್ತ ಹೊರನಡೆದರು. ಮುಂದಿನ ಎರಡು ವರ್ಷ ಗಾಯ, ಚೇತರಿಕೆ, ಬೆಂಚು, ಮತ್ತೆ ಗಾಯ. ಪರದೇಶದಲ್ಲಿ, ಚಳಿಯಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ ಹೀಗೆ ಕುಳಿತುಕೊಳ್ಳುವುದು ಎಷ್ಟೋ ಹುಡುಗರ ಆಟವನ್ನು ಮುಗಿಸಿದೆ. 2022–23ರಲ್ಲಿ ತರಬೇತುದಾರ ಆಲ್ಫ್ರೆಡ್ ಶ್ರೂಡರ್ ಮಿಡ್‌ಫೀಲ್ಡರ್ ಆಗಿ ಬಂದಿದ್ದ ಅವರನ್ನು ಮುಂಚೂಣಿಯಲ್ಲಿ ನಿಲ್ಲಿಸಿದರು. ಆನ್‌ಫೀಲ್ಡ್ ಮೈದಾನದಲ್ಲಿ ಲಿವರ್‌ಪೂಲ್ ವಿರುದ್ಧ ಗೋಲಿನ ಅಡ್ಡಪಟ್ಟಿಗೆ ತಾಗಿ ಒಳಬಿದ್ದ ಹೊಡೆತ ಆಗಿನದು. ಆ ವರ್ಷ ಒಟ್ಟು 18 ಗೋಲು.

ಮಿಡ್‌ಫೀಲ್ಡರ್ ಎಲ್ಲಿ ನಿಲ್ಲಬೇಕು ಎನ್ನುವುದು ಪಶ್ಚಿಮ ಆಫ್ರಿಕಾದ ಆಟಗಾರರ ವಿಷಯದಲ್ಲಿ ಬರೀ ತಂತ್ರದ ಪ್ರಶ್ನೆಯಲ್ಲ. ಯುರೋಪು ಬಹುಕಾಲ ಅವರಲ್ಲಿ ಕಂಡದ್ದು ಕಸುವನ್ನು ಮಾತ್ರ. ಎದುರಾಳಿಯಿಂದ ಚೆಂಡು ಕಸಿ, ಪಕ್ಕದವನಿಗೆ ಕೊಡು, ಯೋಚನೆ ಮಾಡುವ ಕೆಲಸ ಬೇರೆಯವರದು ಎಂಬ ಧೋರಣೆ. ವೀಕ್ಷಕ ವಿವರಣೆಗಳನ್ನು ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದ ವರದಿಯೊಂದು ಬಿಳಿಯ ಆಟಗಾರರ ಬುದ್ಧಿಯನ್ನೂ ಕಪ್ಪು ಆಟಗಾರರ ಮೈಕಟ್ಟು, ವೇಗಗಳನ್ನೂ ಹೆಚ್ಚಾಗಿ ಹೊಗಳುವ ಚಾಳಿಯನ್ನು ಎತ್ತಿ ತೋರಿಸಿತ್ತು. ಐವರಿ ಕೋಸ್ಟಿನ ಯಾಯಾ ಟೂರೆ ಇದರ ದೊಡ್ಡ ಉದಾಹರಣೆ. ಬಾರ್ಸಿಲೋನಾದಲ್ಲಿ ಅವರು ರಕ್ಷಣಾತ್ಮಕ ಮಿಡ್‌ಫೀಲ್ಡರ್. 2009ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಂತೂ ಡಿಫೆಂಡರ್ ಆಗಿಯೇ ಆಡಿದರು. ಮ್ಯಾಂಚೆಸ್ಟರ್ ಸಿಟಿ ಅವರನ್ನು ಮುಂದಕ್ಕೆ ಬಿಟ್ಟಾಗ 2013–14ರ ಒಂದೇ ಲೀಗ್ ಋತುವಿನಲ್ಲಿ 20 ಗೋಲು ಹೊಡೆದರು. ಅಲ್ಲಿಯವರೆಗೆ ಆ ಗೋಲುಗಳೆಲ್ಲ ಎಲ್ಲಿದ್ದವು? ಅವರ ಕಾಲುಗಳಲ್ಲೇ ಇದ್ದವು. ಕೇಳಿದವರಿರಲಿಲ್ಲ. ಕುದುಸ್ ಪೀಳಿಗೆಗೆ ಈ ಬೇಲಿ ಸ್ವಲ್ಪ ಸಡಿಲವಾಗಿದೆ. ನಡುವೆ, ಮುಂದೆ, ಬಲಬದಿಯಲ್ಲಿ ಎಲ್ಲೆಡೆ ಆಡಿದ್ದಾರೆ. ಆದರೂ ಅವರಿಗೆ ತಮ್ಮದೇ ಒಂದು ಜಾಗ ನೆಲೆಯಾಗಿ ಸಿಕ್ಕಿಲ್ಲ ಎಂದೇ ನನಗನಿಸುತ್ತದೆ. ಆಯಕ್ಸ್ ಬಿಟ್ಟು ಸೇರಿದ ಲಂಡನ್ನಿನ ವೆಸ್ಟ್ ಹ್ಯಾಮ್ ಕ್ಲಬ್‌ನ ಎರಡನೇ ಋತುವಿನಲ್ಲಿ ತರಬೇತುದಾರರು ಬದಲಾದಂತೆ ಅವರ ಸ್ಥಾನವೂ ಬದಲಾಗಿ, ಲೀಗಿನಲ್ಲಿ ಗೋಲುಗಳ ಸಂಖ್ಯೆ ಐದಕ್ಕೆ ಇಳಿಯಿತು.

ಆಯಕ್ಸ್ ದಿನಗಳ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. 2023ರ ಫೆಬ್ರುವರಿಯ ಟರ್ಕಿ ಭೂಕಂಪದಲ್ಲಿ ಘಾನಾದ ಆಟಗಾರ ಕ್ರಿಸ್ಟಿಯನ್ ಅತ್ಸು ತೀರಿಕೊಂಡರು. ಅವರ ದೇಹ ಅವಶೇಷಗಳಡಿಯಿಂದ ಸಿಕ್ಕ ಮರುದಿನ, 19ರಂದು, ಸ್ಪಾರ್ಟಾ ರೋಟರ್‌ಡಾಂ ವಿರುದ್ಧ ಕುದುಸ್ ಫ್ರೀ ಕಿಕ್‌ನಿಂದ ಗೋಲು ಹೊಡೆದು ಜೆರ್ಸಿ ಮೇಲೆತ್ತಿದರು. ಒಳಗಿನ ಅಂಗಿಯ ಮೇಲೆ ಅತ್ಸುಗೆ ಬರೆದ ವಿದಾಯವಿತ್ತು. ಜೆರ್ಸಿ ಎತ್ತಿದರೆ ಹಳದಿ ಕಾರ್ಡ್ ಎಂಬುದು ನಿಯಮ. ರೆಫರಿ ಪೋಲ್ ವಾನ್ ಬೋಕೆಲ್ ಕಾರ್ಡ್ ತೆಗೆಯಲಿಲ್ಲ. ಪರದೇಶದ ಮೈದಾನಗಳಲ್ಲಿ ದುಡಿಯುವ ಒಂದು ನಾಡಿನ ಹುಡುಗರು ಒಬ್ಬರಿಗೊಬ್ಬರು ಎಷ್ಟು ಹತ್ತಿರದವರು ಎಂಬುದು ಆ ಅಂಗಿಯಲ್ಲಿ ಕಂಡಿತು.

ಇನ್ನು ಹಣದ ಲೆಕ್ಕ. 2023ರ ಆಗಸ್ಟ್‌ನಲ್ಲಿ ವೆಸ್ಟ್ ಹ್ಯಾಮ್ ಸುಮಾರು 3.8 ಕೋಟಿ ಪೌಂಡ್ ಕೊಟ್ಟಿತು. 2025ರ ಜುಲೈನಲ್ಲಿ ಲಂಡನ್ನಿನದೇ ಟಾಟನ್‌ಹ್ಯಾಮ್ ಸುಮಾರು 5.5 ಕೋಟಿ ಪೌಂಡ್ ತೆತ್ತಿತು. ಇಂಥ ವರ್ಗಾವಣೆಯ ಮೊತ್ತದಲ್ಲಿ ಶೇ 5ನ್ನು ಆಟಗಾರನನ್ನು ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕೆಂದು ಫಿಫಾ ನಿಯಮವಿದೆ. ಇದಕ್ಕೆ ಸಾಲಿಡಾರಿಟಿ ಪಾವತಿ ಎಂದು ಹೆಸರು. ಹಂಚುವ ಸೂತ್ರ ಸರಳ. ಹನ್ನೆರಡರಿಂದ ಹದಿನೈದನೇ ವಯಸ್ಸಿನವರೆಗಿನ ಪ್ರತಿ ವರ್ಷಕ್ಕೆ ಮೊತ್ತದ ಶೇ 0.25, ಹದಿನಾರರಿಂದ ಇಪ್ಪತ್ಮೂರರವರೆಗಿನ ಪ್ರತಿ ವರ್ಷಕ್ಕೆ ಶೇ 0.5. 2020ರಿಂದ ಒಂದೇ ದೇಶದ ಎರಡು ಕ್ಲಬ್‌ಗಳ ನಡುವಿನ ವರ್ಗಾವಣೆಗೂ, ಬೆಳೆಸಿದ ಕ್ಲಬ್ ಬೇರೆ ದೇಶದ್ದಾಗಿದ್ದರೆ, ಇದು ಅನ್ವಯಿಸುತ್ತದೆ. ಹಾಗಾಗಿ ಲಂಡನ್ನಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕುದುಸ್ ಹೋದಾಗಲೂ ಹೊರಗಿನವರಿಗೆ ಪಾಲು ಹುಟ್ಟಿತು.

ಸೂತ್ರದ ಪ್ರಕಾರ, ಹನ್ನೆರಡರಿಂದ ಹದಿನೇಳೂವರೆಯವರೆಗೆ ಅವರನ್ನು ಸಾಕಿದ ಘಾನಾದ ನೆಲೆಗೆ ಹೆಚ್ಚುಕಡಿಮೆ ಶೇ 1.75. ಟಾಟನ್‌ಹ್ಯಾಮ್ ವರ್ಗಾವಣೆಯೊಂದರಲ್ಲೇ ಅದು 9.6 ಲಕ್ಷ ಪೌಂಡಿನ ಹತ್ತಿರಕ್ಕೆ ಬರುತ್ತದೆ. ನಂತರದ ಎರಡೂವರೆ ವರ್ಷದ ಪಾಲು ನಾರ್ಶೆಲೆಂಡಿನದು. ಅಕಾಡೆಮಿಯೂ ನಾರ್ಶೆಲೆಂಡೂ ಒಂದೇ ಅಂಗಿಯ ಎರಡು ಜೇಬುಗಳು. ಆಯಕ್ಸ್ ಕೊಟ್ಟ 90 ಲಕ್ಷ ಯೂರೊ ಕೂಡ ಅದೇ ಅಂಗಿಗೆ ಹೋಯಿತು. ಶ್ರಮಪಟ್ಟವರಿಗೆ ಸಿಕ್ಕಿದೆ, ಅದರಲ್ಲಿ ತಕರಾರಿಲ್ಲ. ನನ್ನ ತಕರಾರು ಸೂತ್ರದ ಮೊದಲ ಅಂಕಿಯ ಬಗ್ಗೆ. ಗಡಿಯಾರ ಶುರುವಾಗುವುದೇ ಹನ್ನೆರಡರಿಂದ. ಚರಂಡಿಯಿಂದ ಚರಂಡಿಯವರೆಗಿನ ಆಟಕ್ಕೆ, ಚೀಲದಲ್ಲಿ ಚೆಂಡು ಹೊತ್ತು ಬಂದವರ ಸಂಜೆಗಳಿಗೆ, ಇಕ್ಕಟ್ಟಿನಲ್ಲಿ ಸೊಂಟ ತಗ್ಗಿಸುವುದನ್ನು ಕಲಿತ ಆ ವರ್ಷಗಳಿಗೆ ಈ ಲೆಕ್ಕದಲ್ಲಿ ಸೊನ್ನೆ. ಕುದುಸ್ ಅವರ ಆಟದಲ್ಲಿ ಯಾವುದಕ್ಕೆ ಕೋಟಿಗಟ್ಟಲೆ ಬೆಲೆ ಕಟ್ಟಿದರೋ ಅದು ಹುಟ್ಟಿದ್ದು ಆ ಸೊನ್ನೆಯ ವರ್ಷಗಳಲ್ಲಿ.

ಹನ್ನೆರಡರ ನಂತರದ್ದಾದರೂ ಎಲ್ಲರಿಗೂ ತಲುಪುತ್ತದೆಯೇ? ವರ್ಷಕ್ಕೆ ಸುಮಾರು 40 ಕೋಟಿ ಡಾಲರ್ ಹಂಚಿಕೆಯಾಗಬೇಕಿದ್ದಲ್ಲಿ ನಿಜವಾಗಿ ತಲುಪುತ್ತಿದ್ದದ್ದು 7–8 ಕೋಟಿ ಡಾಲರ್ ಮಾತ್ರ ಎಂದು ಫಿಫಾ ಸ್ವತಃ ಹೇಳಿತ್ತು. ಇದನ್ನು ಸರಿಪಡಿಸಲು 2022ರ ನವೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಕ್ಲಿಯರಿಂಗ್ ಹೌಸ್ ಎಂಬ ವ್ಯವಸ್ಥೆ ಶುರುವಾಯಿತು. ಆಟಗಾರನ ಎಲೆಕ್ಟ್ರಾನಿಕ್ ಪಾಸ್‌ಪೋರ್ಟ್‌ನಲ್ಲಿ ಯಾವ ಕ್ಲಬ್ಬಿನ ಹೆಸರು ದಾಖಲಾಗಿದೆಯೋ ಆ ಕ್ಲಬ್ಬಿಗೆ ಹಣ ಹೋಗುತ್ತದೆ. ಒಳ್ಳೆಯ ಹೆಜ್ಜೆಯೇ. ಆದರೆ ಪಾಸ್‌ಪೋರ್ಟ್‌ನಲ್ಲಿ ಹೆಸರು ಬರಬೇಕಾದರೆ ಆ ಕ್ಲಬ್ ದೇಶದ ಸಂಸ್ಥೆಯಲ್ಲಿ ನೋಂದಣಿಯಾಗಿರಬೇಕು, ಹುಡುಗನ ಹೆಸರು ಆಯಾ ವರ್ಷವೇ ದಾಖಲಾಗಿರಬೇಕು, ಹಣ ಪಡೆಯಲು ಬ್ಯಾಂಕ್ ಕಾಗದಗಳು ಸರಿಯಿರಬೇಕು. ವಕೀಲರು, ಲೆಕ್ಕಿಗರಿರುವ ಅಕಾಡೆಮಿಗೆ ಇದು ಎಡಗೈ ಕೆಲಸ. ಕೇರಿಯ ತರಬೇತುದಾರನಿಗೆ ಹತ್ತಲಾರದ ಬೆಟ್ಟ.

ಇದೇ ದಾರಿಯ ಇನ್ನೊಂದು ತುದಿ ನಮಗೆ ತೀರಾ ಹತ್ತಿರದಲ್ಲಿದೆ. ನೆರೆಯ ಕೇರಳದ ಮಲಪ್ಪುರಂ ಸುತ್ತ ಸುಗ್ಗಿ ಮುಗಿದ ಮೇಲೆ ನಡೆಯುವ, ತಂಡಕ್ಕೆ ಏಳೇ ಮಂದಿ ಆಡುವ ಸೆವೆನ್ಸ್ ಟೂರ್ನಿಗಳಲ್ಲಿ ಘಾನಾ, ಐವರಿ ಕೋಸ್ಟ್, ನೈಜೀರಿಯ, ಲೈಬೀರಿಯಗಳ ಹುಡುಗರು ಆಡುತ್ತಾರೆ. ಬಿದಿರು, ಅಡಕೆ ಮರದ ಗ್ಯಾಲರಿಗಳು ತುಂಬಿ ತುಳುಕುತ್ತವೆ. ಅಲ್ಲಿಯ ಜನ ಪ್ರೀತಿಯಿಂದ ‘ಸುಡಾನಿ’ ಎನ್ನುತ್ತಾರೆ, ಯಾವ ದೇಶದವರಾದರೂ ಸರಿ. ಆದರೆ 2024ರ ಮಾರ್ಚ್‌ನಲ್ಲಿ ಅರೀಕ್ಕೋಡ್‌ನಲ್ಲಿ ಐವರಿ ಕೋಸ್ಟಿನ ಆಟಗಾರನೊಬ್ಬನನ್ನು ಗುಂಪು ಅಟ್ಟಿಸಿಕೊಂಡು ಹೋಗಿ ಹೊಡೆಯಿತು. ಜನಾಂಗೀಯ ನಿಂದನೆ ಮಾಡಿದರೆಂದು ಆತ ದೂರು ಕೊಟ್ಟ. ಅದೇ ವರ್ಷ ಅದೇ ದೇಶದ ಇನ್ನೊಬ್ಬ, ಒಪ್ಪಿದ ಹಣ ಸಿಗದೆ ಊಟಕ್ಕೂ ಪರದಾಡುತ್ತಿದ್ದೇನೆ ಎಂದು ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಯ ಬಳಿಗೆ ಹೋದ. ಈ ಹುಡುಗರೂ ಎಲ್ಲೋ ಒಂದು ಕೋಲ್ಟ್ಸ್ ತಂಡದಲ್ಲಿ, ಕುದುಸ್ ಹಾಗೆಯೇ ಸಂಜೆ ಹೊತ್ತು ಆಡಿ ಬಂದವರು. ಅವರ ಊರಿಗೆ ಆ ದಿನ ಅಕಾಡೆಮಿಯ ಜೀಪು ಬರಲಿಲ್ಲ, ಅಷ್ಟೇ ವ್ಯತ್ಯಾಸ ಇರಬಹುದು.

ಹನ್ನೆರಡಕ್ಕಿಂತ ಚಿಕ್ಕ ಮಕ್ಕಳ ಹೆಸರಿಗೂ ಹಣ ಕಟ್ಟಿದರೆ ಎಂಟು ವರ್ಷದ ಕೂಸುಗಳ ವ್ಯಾಪಾರ ಶುರುವಾದೀತು ಎಂಬ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಅದು ನಿಜವಾದ ಅಪಾಯ. ಅದಕ್ಕಾಗಿಯೇ ಹಣ ವ್ಯಕ್ತಿಗೋ ಒಂದು ಕ್ಲಬ್ಬಿಗೋ ಹೋಗಬೇಕಾಗಿಲ್ಲ. ಆ ಬಡಾವಣೆಯ ಆಟದ ಬಯಲಿಗೆ, ಅಲ್ಲಿನ ಎಲ್ಲ ಮಕ್ಕಳ ತಂಡಗಳ ಸಮಾನ ನಿಧಿಗೆ ಹೋಗಲಿ. ವರ್ಗಾವಣೆ ಮೊತ್ತದ ಶೇ 0.25, ಅಂದರೆ ಸೂತ್ರದಲ್ಲಿ ಒಂದೇ ಒಂದು ವರ್ಷದ ಪಾಲು, ಕುದುಸ್ ಅವರ ಎರಡು ಇಂಗ್ಲಿಷ್ ವರ್ಗಾವಣೆಗಳಿಂದಲೇ 2.3 ಲಕ್ಷ ಪೌಂಡ್ ಆಗುತ್ತಿತ್ತು. ನಿಮಾದಂಥ ಕಡೆ ಅಷ್ಟರಲ್ಲಿ ಮೈದಾನ, ದೀಪ, ಒಬ್ಬ ತರಬೇತುದಾರನಿಗೆ ಹತ್ತಾರು ವರ್ಷಗಳ ಸಂಬಳ ಎಲ್ಲವೂ ಸಾಧ್ಯ.

2025ರ ಅಕ್ಟೋಬರ್ 12ರಂದು ಅಕ್ರಾದಲ್ಲಿ ಕೊಮೊರೊಸ್ ವಿರುದ್ಧ ಘಾನಾ 1–0ಯಿಂದ ಗೆದ್ದು 2026ರ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಅದರ ಹಿಂದಿನ ವರ್ಷವಷ್ಟೇ ಆಫ್ರಿಕಾ ಕಪ್‌ನ ಅರ್ಹತಾ ಸುತ್ತಿನಲ್ಲಿ ಅಂಗೋಲಾ, ಸುಡಾನ್, ನೈಜರ್‌ಗಳಿಗಿಂತ ಕೆಳಗೆ, ಒಂದೂ ಪಂದ್ಯ ಗೆಲ್ಲದೆ ಗುಂಪಿನ ತಳದಲ್ಲಿ ಉಳಿದಿದ್ದ ತಂಡವಿದು. ಕೊಮೊರೊಸ್ ವಿರುದ್ಧದ ಆ ಏಕೈಕ ಗೋಲು ಕುದುಸ್ ಅವರದ್ದು. ಕ್ರೀಡಾಂಗಣದಿಂದ ನಿಮಾಕ್ಕೆ ಕೆಲವೇ ಕಿಲೋಮೀಟರ್.